ಮನೆಯಲ್ಲೇ ಶಾಲೆ ಸರಿ, ಪಾಠ ಹೇಳೋರು ಯಾರು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಮಗನೋ ಮಗಳೋ ಒಬ್ಬರಾದರೂ ಹೊರದೇಶದಲ್ಲಿರುತ್ತಾರೆ. ಅಲ್ಲಿನ ಮೊಮ್ಮಕ್ಕಳ ಶಾಲೆಯ ಜಗಳ ಇಲ್ಲಿನ ಅಡುಗೆಮನೆಯಲ್ಲಿ ನಡೆಯುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಅದೇ ಜಾಸ್ತಿ. ಹಾಗಾಗಿ ಅವನ್ನೇ ಎತ್ತಿಕೊಂಡಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಡಲ್ಲಾಸ್ ಹತ್ತಿರ ಇದ್ದಾರೆ. ಅಳಿಯನದು ಸಾಫ್ಟ್‌ವೇರ್ ಕೆಲಸ. ಮೊಮ್ಮಗ ಐದನೇ ಕ್ಲಾಸ್, ಮೊಮ್ಮಗಳು ಎರಡನೇ ಕ್ಲಾಸ್, ಇಬ್ಬರೂ ಅಲ್ಲಿನ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಈಗ ಅಳಿಯ ಇಬ್ಬರನ್ನೂ ಬಿಡಿಸಿ ಮನೆಯಲ್ಲೇ ಓದಿಸೋಣ ಅನ್ನುತ್ತಿದ್ದಾರೆ. ಅವರ ಮಸೀದಿಗೆ ಬರುವ ಕೆಲವು ಮನೆಯವರು ಹಾಗೇ ಮಾಡಿದ್ದಾರಂತೆ. ಊಟ ಹಲಾಲ್ ಅಲ್ಲ, ನಮಾಜ್ ತಪ್ಪುತ್ತದೆ, ಪುಸ್ತಕದಲ್ಲಿ ಬೇಡದ ವಿಷಯ ಇರುತ್ತದೆ ಅಂತ ಅವರ ವಾದ. ಮಗಳು ಏನೂ ಹೇಳುವುದಿಲ್ಲ, ‘ನೋಡೋಣ ಅಮ್ಮಿ’ ಅಂತ ಫೋನ್ ಇಡುತ್ತಾಳೆ. ಹೀಗೆ ಮಾಡಿದರೆ ಪೊಲೀಸ್ ಕೇಸ್ ಆಗುವುದಿಲ್ಲವೇ? ಸರ್ಟಿಫಿಕೇಟ್ ಯಾರು ಕೊಡುತ್ತಾರೆ?
(ಒಬ್ಬ ತಾಯಿ, ರೋಜಾ ಬಡಾವಣೆ, ಕಲಬುರಗಿ)

ಉತ್ತರ: ಅಮ್ಮಿ, ಪೊಲೀಸ್ ಭಯ ಬಿಡಿ. ಅಮೆರಿಕದ 50 ರಾಜ್ಯಗಳಲ್ಲೂ ಮಕ್ಕಳನ್ನು ಮನೆಯಲ್ಲೇ ಓದಿಸುವುದಕ್ಕೆ ಕಾನೂನಿನ ಒಪ್ಪಿಗೆ ಇದೆ. ಅದರಲ್ಲೂ ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯ ತುಂಬಾ ಸಡಿಲ. ಮನೆಶಾಲೆಯನ್ನು ಅಲ್ಲಿ ಖಾಸಗಿ ಶಾಲೆಯ ಲೆಕ್ಕಕ್ಕೇ ಸೇರಿಸುತ್ತಾರೆ, 1994ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದೆ (ಅಲ್ಲಿ ರಾಜ್ಯಕ್ಕೊಂದು ಸುಪ್ರೀಂ ಕೋರ್ಟ್ ಇರುತ್ತದೆ, ಗಲಿಬಿಲಿ ಬೇಡ). ಓದು, ಸ್ಪೆಲ್ಲಿಂಗ್, ವ್ಯಾಕರಣ, ಗಣಿತ, ಪೌರನೀತಿ ಇಷ್ಟನ್ನು ಪುಸ್ತಕ ಇಟ್ಟುಕೊಂಡು ನಿಜವಾಗಿ ಕಲಿಸಬೇಕು, ಅಷ್ಟೇ. ಪರೀಕ್ಷೆ ಇಲ್ಲ, ಇನ್‌ಸ್ಪೆಕ್ಟರ್ ಬರುವುದಿಲ್ಲ, ತಾಯಿಗೆ ಬಿ.ಎಡ್. ಬೇಕಿಲ್ಲ. ಆದರೆ ಸಾಫ್ಟ್‌ವೇರ್‌ನವರು ಒಂದೇ ಊರಲ್ಲಿ ಕೂರುವುದಿಲ್ಲವಲ್ಲ! ನಾಳೆ ಅಳಿಯನಿಗೆ ನ್ಯೂಯಾರ್ಕ್‌ನಲ್ಲಿ ಕೆಲಸ ಸಿಕ್ಕರೆ ಕಥೆ ಬೇರೆ. ಅಲ್ಲಿ ಮೊದಲೇ ಪತ್ರ ಕೊಡಬೇಕು, ವರ್ಷದ ಪಾಠದ ಯೋಜನೆ ಬರೆದುಕೊಡಬೇಕು, ವರ್ಷಕ್ಕೆ 4 ವರದಿ, ಕೊನೆಗೊಂದು ಮೌಲ್ಯಮಾಪನ. ಆರನೇ ಕ್ಲಾಸಿನವರೆಗೆ ವರ್ಷಕ್ಕೆ 900 ಗಂಟೆ ಪಾಠ ಆಗಿರಬೇಕು.

ಸರ್ಟಿಫಿಕೇಟ್ ವಿಷಯ ಕೇಳಿದರೆ ನಿಮಗೆ ನಗು ಬರಬಹುದು. ಟೆಕ್ಸಾಸ್‌ನಲ್ಲಿ ಮನೆಯಲ್ಲಿ ಓದಿದ ಮಗುವಿನ ಹೈಸ್ಕೂಲ್ ಡಿಪ್ಲೊಮಾಕ್ಕೆ ಅಪ್ಪ ಅಮ್ಮನೇ ಸಹಿ ಹಾಕುತ್ತಾರೆ. ಅಲ್ಲಿನ ಕಾಲೇಜುಗಳು ಅದನ್ನು ನೋಡುತ್ತವೆ, ಜೊತೆಗೆ ಎಸ್‌ಎಟಿ ತರಹದ ಪರೀಕ್ಷೆಯ ಅಂಕ ನೋಡುತ್ತವೆ, ಸೀಟು ಕೊಡುತ್ತವೆ. ಆದರೆ ಸಾಫ್ಟ್‌ವೇರ್‌ನವರು ಕೆಲಸಕ್ಕೆ ಹೋಗುವ ಎಚ್-1ಬಿ ವೀಸಾ ಕೊಡುವುದೇ 3 ವರ್ಷಕ್ಕೆ, ಗ್ರೀನ್ ಕಾರ್ಡಿನ (ಅಲ್ಲೇ ಕಾಯಂ ಇರಲು ಕೊಡುವ ಪರವಾನಗಿ) ಕೆಲಸ ಮುಂದುವರಿಯದಿದ್ದರೆ 6 ವರ್ಷಕ್ಕೆ ಮುಗಿಯಿತು. ಹುಡುಗ ಒಂಬತ್ತನೇ ಕ್ಲಾಸಿಗೆ ಬಂದಾಗ ಎಲ್ಲರೂ ಗಂಟುಮೂಟೆ ಕಟ್ಟಿ ಕಲಬುರಗಿಗೆ ಬಂದರು ಅಂತಿಟ್ಟುಕೊಳ್ಳಿ. ಇಲ್ಲಿನ ಶಾಲೆಯ ಗುಮಾಸ್ತ ‘ಹಿಂದಿನ ಶಾಲೆಯ ಅಂಕಪಟ್ಟಿ?’ ಅಂತ ಕೇಳಿದಾಗ ಅಪ್ಪನ ಸಹಿ ಇರುವ ಹಾಳೆ ತೋರಿಸಿದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಈಗ ಅಳಿಯನ ಮೂರು ಭಯಗಳಿಗೆ ಬರೋಣ. ಅವು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಆದರೆ ಅವನ್ನು ಶಾಲೆಯ ಮುಂದೆ ಇಟ್ಟು ನೋಡಿದ್ದಾರಾ? ಊಟಕ್ಕೆ ಡಬ್ಬಿ ಕಟ್ಟಿದರೆ ಆಯಿತು, ಎಷ್ಟೋ ಹಿಂದೂಸ್ತಾನಿ ಮಕ್ಕಳು ಅಲ್ಲಿ ಡಬ್ಬಿಯನ್ನೇ ಒಯ್ಯುತ್ತಾರೆ. ಮಿಷಿಗನ್‌ನ ಡಿಯರ್‌ಬಾರ್ನ್ ಊರಿನ ಸರ್ಕಾರಿ ಶಾಲೆಗಳಲ್ಲಿ ಹಲಾಲ್ ಊಟವೇ ಸಿಗುತ್ತದೆ. ನ್ಯೂಯಾರ್ಕ್ ನಗರದ ಶಾಲೆಗಳು 2015ರಿಂದ ಎರಡೂ ಈದ್‌ಗೆ ರಜೆ ಕೊಡುತ್ತಿವೆ. ಇದೆಲ್ಲ ತಾನಾಗೇ ಬಂದದ್ದಲ್ಲ, ಅಲ್ಲಿನ ಅಪ್ಪ ಅಮ್ಮಂದಿರು ವರ್ಷಗಟ್ಟಲೆ ಕೇಳಿ ಪಡೆದದ್ದು.

ನಮಾಜ್ ವಿಷಯದಲ್ಲಿ ಗಡಿಯಾರ ನೋಡಿದರೆ ಅರ್ಧ ಸಮಸ್ಯೆ ಕರಗುತ್ತದೆ. ಮಾರ್ಚ್‌ನಿಂದ ನವೆಂಬರ್ ಶುರುವಿನವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಆಗ ಡಲ್ಲಾಸ್‌ನಲ್ಲಿ ಜೊಹರ್ (ಮಧ್ಯಾಹ್ನದ ನಮಾಜ್) ಸಮಯ ಆಗುವುದೇ ಒಂದೂವರೆ ಹೊತ್ತಿಗೆ. ಮಕ್ಕಳು ಮನೆಗೆ ಬಂದು ಆರಾಮಾಗಿ ನಮಾಜ್ ಮಾಡಬಹುದು. ಚಳಿಗಾಲದಲ್ಲಿ ಮಾತ್ರ ಬಿಗಿ. ಆಗ ಊಟದ ಬಿಡುವಿನಲ್ಲಿ ಒಂದು ಮೂಲೆ ಕೇಳಬೇಕು. ಅಲ್ಲಿ ಸರ್ಕಾರಿ ಶಾಲೆಯ ಟೀಚರ್ ಮಕ್ಕಳಿಂದ ಪ್ರಾರ್ಥನೆ ಮಾಡಿಸುವಂತಿಲ್ಲ, 1962ರಲ್ಲೇ ಕೋರ್ಟ್ ಹಾಗೆ ಹೇಳಿದೆ. ಆದರೆ ಮಗು ತಾನಾಗೇ ಬಿಡುವಿನಲ್ಲಿ ಮಾಡಿದರೆ ಯಾರೂ ತಡೆಯುವಂತಿಲ್ಲ. ಅಂದ ಹಾಗೆ ಎರಡನೇ ಕ್ಲಾಸಿನ ಹುಡುಗಿಗೆ ನಮಾಜ್ ಇನ್ನೂ ಫರ್ಜ್ (ಕಡ್ಡಾಯ) ಆಗಿಲ್ಲ, ಅದು ಅಳಿಯನಿಗೂ ಗೊತ್ತಿರಬೇಕು.

ಪುಸ್ತಕದ ಜಗಳ ಮಾತ್ರ ನಿಜಕ್ಕೂ ದೊಡ್ಡದು. ಮೇರಿಲ್ಯಾಂಡ್ ರಾಜ್ಯದ ಮಾಂಟ್‌ಗೊಮರಿ ಕೌಂಟಿಯಲ್ಲಿ ಸಲಿಂಗ ಸಂಬಂಧ, ಲಿಂಗ ಗುರುತು ಕುರಿತ ಕಥೆಪುಸ್ತಕಗಳನ್ನು ಚಿಕ್ಕ ಮಕ್ಕಳ ಕ್ಲಾಸಿಗೆ ತಂದರು. ಆ ಪಾಠದ ಹೊತ್ತಿಗೆ ನಮ್ಮ ಮಕ್ಕಳನ್ನು ಹೊರಗೆ ಕಳಿಸಿ ಅಂತ ಕೆಲವು ಮುಸ್ಲಿಂ, ಕ್ರೈಸ್ತ ತಂದೆ ತಾಯಂದಿರು ಕೇಳಿದರು. ಶಾಲಾ ಮಂಡಳಿ ಮೊದಲು ಒಪ್ಪಿ ಆಮೇಲೆ ಆಗುವುದಿಲ್ಲ ಅಂದಿತು. ಅದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ 2025ರ ಜೂನ್‌ನಲ್ಲಿ 6–3ರಲ್ಲಿ ಪೋಷಕರ ಪರ ಆದೇಶ ಬಂತು: ಮೊದಲೇ ತಿಳಿಸಬೇಕು, ಬೇಡ ಅಂದವರ ಮಕ್ಕಳನ್ನು ಬಿಡಬೇಕು. ಅಂದರೆ ಶಾಲೆಯಲ್ಲಿದ್ದುಕೊಂಡೇ ಒಂದು ಪಾಠ ಬಿಡುವ ದಾರಿ ಈಗ ಮೊದಲಿಗಿಂತ ಅಗಲವಾಗಿದೆ. ಅಳಿಯನಿಗೆ ಹೇಳಿ, ಟೀಚರ್‌ಗೆ ಒಂದು ಇ-ಮೇಲ್ ಬರೆಯಲಿ. ಬಾಯಿಮಾತು ಬೇಡ, ಬರಹದಲ್ಲೇ ಇರಲಿ.

ನನಗೆ ಜಾಸ್ತಿ ಚಿಂತೆ ಇರುವುದು ನಿಮ್ಮ ಮಗಳ ‘ನೋಡೋಣ ಅಮ್ಮಿ’ ಬಗ್ಗೆ. ಅವಳು ಎಚ್-4 ವೀಸಾದಲ್ಲಿ ಇದ್ದಾಳೆ ಅಂತ ಊಹಿಸುತ್ತೇನೆ, ಎಚ್-1ಬಿ ನೌಕರರ ಹೆಂಡತಿಗೆ ಸಿಗುವುದು ಅದೇ. ಆ ವೀಸಾದಲ್ಲಿ ಸುಮ್ನೆ ಹೋಗಿ ಕೆಲಸಕ್ಕೆ ಸೇರಲು ಆಗುವುದಿಲ್ಲ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲಷ್ಟೇ ಕೆಲಸದ ಪರವಾನಗಿ ಕೇಳಬಹುದು. ನಮ್ಮ ಕಡೆಯಿಂದ ಹೋದ ಎಷ್ಟೋ ಹೆಣ್ಣುಮಕ್ಕಳು ಇಂಜಿನಿಯರಿಂಗ್ ಮುಗಿಸಿ ಅಲ್ಲಿ ಮನೆಯಲ್ಲಿ ಕೂತಿದ್ದಾರೆ. ‘ಹೇಗೂ ನೀನು ಮನೆಯಲ್ಲೇ ಇರ್ತೀಯಲ್ಲ’ ಅನ್ನುವ ಮಾತಿನಿಂದ ಎಷ್ಟು ಮನೆಶಾಲೆಗಳು ಶುರುವಾಗಿವೆಯೋ! ಬೆಳಿಗ್ಗೆ ಎಂಟಕ್ಕೆ ಐದನೇ ಕ್ಲಾಸಿನ ಭಿನ್ನರಾಶಿ, ಪಕ್ಕದಲ್ಲೇ ಎರಡನೇ ಕ್ಲಾಸಿನವಳ ಓದು, ಮಧ್ಯೆ ಅಡುಗೆ, ಸಂಜೆ ಕುರ್‌ಆನ್ ಕ್ಲಾಸಿಗೆ ಕಾರು ಓಡಿಸಬೇಕು, ರಾತ್ರಿ ನಾಳೆಯ ಪಾಠ ತಯಾರು ಮಾಡಬೇಕು. ಅಮೆರಿಕದಲ್ಲಿ ಕೆಲಸದವಳು ಬರುವುದಿಲ್ಲ. ದಾದಿ, ನಾನಿ ಅಂತ ಅಜ್ಜಿಯರು ಯಾರೂ ಹತ್ತಿರ ಇಲ್ಲ. ತೀರ್ಮಾನ ಮನೆಯದ್ದು ಅನ್ನುತ್ತಾರೆ, ದುಡಿಮೆ ಒಬ್ಬಳದ್ದೇ. ಅಳಿಯ ಆಫೀಸಿಗೆ ಹೋದ ಹೊತ್ತಿಗೆ ಫೋನ್ ಮಾಡಿ ನೇರವಾಗಿ ಕೇಳಿ: ನಿನಗೆ ಇದು ಬೇಕಾ, ಬೇಡವಾ? ಬೇಕು ಅಂದರೆ ನಾನು ಎದುರಾಡುವುದಿಲ್ಲ. ಮನೆಶಾಲೆಯಲ್ಲಿ ಓದಿ ಚೆನ್ನಾಗಿ ಬೆಳೆದ ಮಕ್ಕಳು ಬೇಕಾದಷ್ಟಿದ್ದಾರೆ, ಹಿಫ್ಜ್ (ಇಡೀ ಕುರ್‌ಆನ್ ಬಾಯಿಪಾಠ) ಮಾಡುವ ಮಗುವಿಗೆ ಅಲ್ಲಿ ಸಮಯ ಹೊಂದಿಸಿಕೊಳ್ಳುವುದು ಸುಲಭ. ನಾಲ್ಕೈದು ಮನೆಯವರು ಸೇರಿ ಒಬ್ಬರು ಗಣಿತ, ಒಬ್ಬರು ವಿಜ್ಞಾನ ಅಂತ ಹಂಚಿಕೊಳ್ಳುವ ಗುಂಪುಗಳೂ ಇವೆ, ಅಂಥದ್ದು ಹತ್ತಿರ ಇದ್ದರೆ ಹೊರೆ ಅರ್ಧ ಇಳಿಯುತ್ತದೆ. ಅವಳಿಗೆ ಬೇಡವೆಂದರೆ ಮಾತು ಅಲ್ಲಿಗೇ ನಿಲ್ಲಬೇಕು.

ಇನ್ನೊಂದು ಮಾತು. ಒಳ್ಳೆಯ ಸರ್ಕಾರಿ ಶಾಲೆ ಇರುವ ಬಡಾವಣೆ ಅಂತಲೇ ಇವರೆಲ್ಲ ಅಲ್ಲಿ ಜಾಸ್ತಿ ಬಾಡಿಗೆ ಕೊಟ್ಟು ಮನೆ ಹಿಡಿಯುತ್ತಾರೆ. ಆ ಬಾಡಿಗೆ ಕಟ್ಟಿಕೊಂಡೇ ಮಕ್ಕಳನ್ನು ಶಾಲೆ ಬಿಡಿಸುವುದೆಂದರೆ ಲೆಕ್ಕ ನನಗಂತೂ ಕೂಡುವುದಿಲ್ಲ. ಮಗುವನ್ನು ಅಲ್ಲಿ ‘ಟೆರರಿಸ್ಟ್’ ಅಂತ ಕಾಡಿಸಿ, ಶಾಲೆಗೆ ಹೇಳಿದರೂ ಏನೂ ಆಗದಿದ್ದರೆ ಬೇರೆ ಮಾತು, ಆಗ ನಾಳೆಯೇ ಬಿಡಿಸಲಿ. ನಿಮ್ಮ ಪತ್ರದಲ್ಲಿ ಅಂಥದ್ದು ಕಾಣಲಿಲ್ಲ. ಹಾಗಾಗಿ ನನ್ನ ಓಟು ಶಾಲೆಗೆ.

ಪ್ರಶ್ನೆ: ತಮ್ಮ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇಂಜಿನಿಯರ್. ಮಗಳಿಗೆ 11 ವರ್ಷ. ಶಾಲೆಯಲ್ಲಿ ಗಂಡು ಹೆಣ್ಣು ಒಟ್ಟಿಗೆ ಈಜು ಕ್ಲಾಸ್ ಕಡ್ಡಾಯವಂತೆ. ಅಮೆರಿಕದವರ ಹಾಗೆ ಮನೆಯಲ್ಲೇ ಓದಿಸುತ್ತೇನೆ ಅನ್ನುತ್ತಿದ್ದಾನೆ. ಏನು ಹೇಳಲಿ?
(ಅಣ್ಣ, ಬೀದರ್)

ಉತ್ತರ: ಬೇಡ ಅಂತ ಹೇಳಿ, ಇವತ್ತೇ ಹೇಳಿ. ಅಮೆರಿಕದ ಯೂಟ್ಯೂಬ್ ನೋಡಿ ಜರ್ಮನಿಯಲ್ಲಿ ಸಂಸಾರ ಮಾಡಲು ಆಗುವುದಿಲ್ಲ. ಜರ್ಮನಿಯಲ್ಲಿ ಮಗು ಶಾಲೆಗೆ ಹೋಗಲೇಬೇಕು, ಮನೆಶಾಲೆಗೆ ಅವಕಾಶವೇ ಇಲ್ಲ. 2013ರಲ್ಲಿ ಅಲ್ಲಿನ ಒಂದು ಕ್ರೈಸ್ತ ಕುಟುಂಬ ಹಟ ಹಿಡಿದಾಗ ಅಧಿಕಾರಿಗಳು ನಾಲ್ವರು ಮಕ್ಕಳನ್ನೂ ಮೂರು ವಾರ ಮನೆಯಿಂದ ಹೊರಗಿಟ್ಟರು. ಆ ಕುಟುಂಬ ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೂ ಹೋಗಿ 2019ರಲ್ಲಿ ಸೋತಿತು. ಅವರು ಆ ದೇಶದವರೇ. ವೀಸಾದಲ್ಲಿರುವ ನಿಮ್ಮ ತಮ್ಮ ಇಂಥ ಜಗಳ ಯಾಕೆ ಎತ್ತಬೇಕು?

ಈಜಿನ ವಿಷಯವೂ ಅಲ್ಲಿನ ಕೋರ್ಟಿಗೆ ಹೋಗಿ ಬಂದಿದೆ. 2013ರಲ್ಲೇ ಫೆಡರಲ್ ಆಡಳಿತ ನ್ಯಾಯಾಲಯ ಒಬ್ಬ ಮುಸ್ಲಿಂ ಹುಡುಗಿಯ ಕೇಸಿನಲ್ಲಿ, ಕ್ಲಾಸಿನಿಂದ ವಿನಾಯಿತಿ ಇಲ್ಲ, ಆದರೆ ಮೈ ಪೂರ್ತಿ ಮುಚ್ಚುವ ಬುರ್ಕಿನಿ ಹಾಕಿಕೊಂಡು ಈಜಬಹುದಲ್ಲ ಅಂದಿತು. ಮಗಳಿಗೆ ಒಂದು ಬುರ್ಕಿನಿ ಕೊಡಿಸಲಿ. ಈಜು ಬರುವುದು ಒಳ್ಳೆಯದೇ.

ಪ್ರಶ್ನೆ: ನಾನು ಸೌದಿಯ ದಮ್ಮಾಮ್‌ನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿ ಕುಟುಂಬದ ಜೊತೆ ವಾಪಸ್ ಯಾದಗಿರಿಗೆ ಬಂದಿದ್ದೇನೆ. ಮಗನನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿಯಾಯಿತು. ಮಗಳಿಗೆ 13 ವರ್ಷ, ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಸಿಬಿಎಸ್‌ಇ ಏಳನೇ ಕ್ಲಾಸ್ ಮುಗಿಸಿದ್ದಾಳೆ. ಇಲ್ಲಿನ ಶಾಲೆಯ ವಾತಾವರಣ ಅವಳಿಗೆ ಒಗ್ಗುವುದಿಲ್ಲ, ಕನ್ನಡವೂ ಬರುವುದಿಲ್ಲ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಕ್ಕಳು ಮನೆಯಲ್ಲೇ ಓದುತ್ತಾರೆ. ನಾವೂ ಹಾಗೇ ಓದಿಸಿ ಎನ್‌ಐಒಎಸ್‌ನಿಂದ ಹತ್ತನೇ ಪರೀಕ್ಷೆ ಕಟ್ಟಿಸಬಹುದೇ?
(ಒಬ್ಬ ತಂದೆ, ಯಾದಗಿರಿ)

ಉತ್ತರ: ಭಾಯಿ, ಕಟ್ಟಿಸಬಹುದು. ಎನ್‌ಐಒಎಸ್ 1989ರಿಂದ ಇರುವ ಕೇಂದ್ರ ಸರ್ಕಾರದ ಮುಕ್ತ ಶಾಲೆ, 14 ತುಂಬಿದವರು ಹತ್ತನೇ ಪರೀಕ್ಷೆಗೆ ಸೇರಬಹುದು, ಉರ್ದು ಮಾಧ್ಯಮವೂ ಇದೆ, ಸರ್ಟಿಫಿಕೇಟ್‌ಗೆ ಮಾನ್ಯತೆ ಇದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅಂತ ಬರೆದಿದೆ. ಮನೆಶಾಲೆಯ ಹೆಸರೇ ಅದರಲ್ಲಿಲ್ಲ. ಹಾಗೆ ಓದಿಸುವವರನ್ನು ಯಾರೂ ಜೈಲಿಗೆ ಹಾಕಿಲ್ಲ, ನಿಜ.

ಈಗ ಸ್ವಲ್ಪ ಖಾರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗನೂ ಅದೇ ದಮ್ಮಾಮ್‌ನಿಂದಲೇ ಬಂದದ್ದು, ಅವನಿಗೂ ಕನ್ನಡ ಬರುವುದಿಲ್ಲ. ಅವನಿಗೆ ಇಲ್ಲಿನ ವಾತಾವರಣ ಹೇಗೆ ಒಗ್ಗಿತು? ಅವನ ಬಗ್ಗೆ ಒಂದೇ ಸಾಲು, ‘ಹಾಕಿಯಾಯಿತು’. ಮಗಳು ದೊಡ್ಡವಳಾದಳು ಅನ್ನುವುದೇ ನಿಜವಾದ ಕಾರಣ ಅಲ್ವಾ? ಹಾಗಿದ್ದರೆ ಆ ಕಾರಣಕ್ಕೆ ಉತ್ತರ ಹುಡುಕೋಣ. ಹೆಣ್ಣುಮಕ್ಕಳದ್ದೇ ಹೈಸ್ಕೂಲುಗಳು ಇವೆ. ಹೋಗಿ ಬರುವ ಚಿಂತೆಯಾದರೆ ಹುಡುಗಿಯರು ಸೇರಿ ಹೋಗುವ ಆಟೋ ಮಾಡಿಕೊಡಿ. ಹಿಜಾಬ್‌ನ ಚಿಂತೆಯಾದರೆ ಅದನ್ನು ಸೇರಿಸುವ ಮುಂಚೆಯೇ ಬಾಯಿಬಿಟ್ಟು ಕೇಳಿ. 2022ರಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ಕ್ಲಾಸಿನಲ್ಲಿ ಹಿಜಾಬ್‌ಗೆ ಅಡ್ಡಿಯಾದ ಸರ್ಕಾರದ ಆದೇಶವನ್ನು ಹೈಕೋರ್ಟ್ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಆ ಗದ್ದಲದಲ್ಲಿ ಓದು ಬಿಟ್ಟ ಹುಡುಗಿಯರಿಗೆ ಆದ ನಷ್ಟ ಯಾರೂ ತುಂಬಿಕೊಡಲಿಲ್ಲ. ತಲೆ ಮುಚ್ಚಿಕೊಂಡು ಕೂರಲು ಬಿಡುವ ಶಾಲೆಗಳು ನಮ್ಮ ಭಾಗದಲ್ಲಿ ಇವೆ, ಅಲ್ಪಸಂಖ್ಯಾತ ಸಂಸ್ಥೆಗಳದ್ದು. ಅಂಥದ್ದನ್ನು ಹುಡುಕಿ.

ಅಕ್ಕನ ಮಕ್ಕಳ ಉದಾಹರಣೆ ಇಲ್ಲಿ ನಡೆಯುವುದಿಲ್ಲ. ಅಲ್ಲಿನ ಕಾಲೇಜು ಒಂದು ಪರೀಕ್ಷೆ, ಒಂದು ಅರ್ಜಿ ನೋಡಿ ಸೇರಿಸಿಕೊಳ್ಳುತ್ತದೆ, ಇಲ್ಲಿ ಎಲ್ಲಿ ಎಷ್ಟು ವರ್ಷ ಓದಿದ್ದೀ ಅನ್ನುವುದೇ ದೊಡ್ಡ ಲೆಕ್ಕ. ಸಿಇಟಿ ಮೂಲಕ ಸರ್ಕಾರಿ ಸೀಟು ಬೇಕಾದರೆ ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ 7 ವರ್ಷ ಓದಿರಬೇಕು ಅನ್ನುವುದು ಸಾಮಾನ್ಯ ನಿಯಮ. ನಿಮ್ಮ ಮಗಳು ಈಗ ಎಂಟಕ್ಕೆ ಸೇರಿದರೂ ಪಿಯು ಮುಗಿಯುವಷ್ಟರಲ್ಲಿ 5 ವರ್ಷವೇ ಆಗುತ್ತದೆ. ಆದರೆ ಅಪ್ಪನೋ ಅಮ್ಮನೋ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಎರಡೂ ವರ್ಷದ ಪಿಯು ಇಲ್ಲೇ ಓದಿದರೆ ಇನ್ನೊಂದು ದಾರಿ ಇದೆ. ನಿಮ್ಮ ಹಳೆಯ ಶಾಲಾ ದಾಖಲೆಗಳನ್ನು ಈಗಲೇ ಹುಡುಕಿಟ್ಟುಕೊಳ್ಳಿ. ನಮ್ಮ ಭಾಗದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರಕ್ಕೂ ಸಹಾಯಕ ಆಯುಕ್ತರ ಕಚೇರಿಯಲ್ಲಿ ಅರ್ಜಿ ಹಾಕಿ. ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70 ಶೇಕಡಾ, ರಾಜ್ಯದ ಉಳಿದ ಕಡೆ 8 ಶೇಕಡಾ ಸೀಟು ಇಲ್ಲಿಯವರಿಗೆ ಅಂತ ಇದೆ. ಇಷ್ಟು ದೊಡ್ಡ ಬಾಗಿಲು ಇಟ್ಟುಕೊಂಡು ಹುಡುಗಿಯನ್ನು ಮನೆಯ ಕೋಣೆಯಲ್ಲಿ ಕೂರಿಸುವುದಾ?

ಕನ್ನಡಕ್ಕೆ ಹೆದರಬೇಡಿ. ಸಿಬಿಎಸ್‌ಇ ಶಾಲೆಯಾದರೂ ಕನ್ನಡ ಕಲಿಯಬೇಕು ಅಂತ 2015ರ ಕಾಯ್ದೆ ಇದೆ, ಹಾಗಾಗಿ ಎಲ್ಲಿ ಹಾಕಿದರೂ ಸಾಮಾನ್ಯವಾಗಿ ತಪ್ಪುವುದಿಲ್ಲ. ಮೊದಲ ವರ್ಷ ಕಷ್ಟ ಆಗುತ್ತದೆ, ಅಂಕ ಕಡಿಮೆ ಬರುತ್ತದೆ, ಅಳುತ್ತಾಳೆ. ಪಕ್ಕದ ಮನೆಯ ಪಿಯು ಹುಡುಗಿಯನ್ನು ದಿನಾ ಅರ್ಧ ಗಂಟೆ ಕನ್ನಡ ಹೇಳಿಕೊಡಲು ಕೇಳಿ. ಗೆಳತಿಯರು ಸಿಕ್ಕರೆ ಭಾಷೆ ಬೇಗ ಬರುತ್ತದೆ, ಮತ್ತೆ ಗೆಳತಿಯರು ಸಿಗುವುದು ಶಾಲೆಯಲ್ಲೇ.

ಪ್ರಶ್ನೆ: ನಾನು ಹುಮನಾಬಾದ್ ಕಡೆಯ ಸರ್ಕಾರಿ ಶಾಲೆಯ ಶಿಕ್ಷಕ. ಒಬ್ಬ ಹುಡುಗ ಮೂರನೇ ಕ್ಲಾಸ್ ಮುಗಿಸಿ ಹಿಫ್ಜ್ ಮಾಡಲು ಹೋಗಿದ್ದ. ತಂದೆ ದುಬೈನಲ್ಲಿದ್ದಾರೆ. ಈಗ ಹಾಫಿಜ್ ಆಗಿ ಬಂದಿದ್ದಾನೆ, 12 ವರ್ಷ. ಟಿಸಿ ಇಲ್ಲ, ನಾಲ್ಕನೇ ಕ್ಲಾಸಿಗೆ ಕೂರಿಸಲು ತಾಯಿಗೆ ಮನಸ್ಸಿಲ್ಲ, ಮನೆಯಲ್ಲೇ ಟ್ಯೂಷನ್ ಕೊಡಿಸುತ್ತೇವೆ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಸರ್, ನಾಲ್ಕನೇ ಕ್ಲಾಸಿಗೆ ಕೂರಿಸುವ ಅಗತ್ಯವೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಬೇಕು, ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. 12 ವರ್ಷ ಅಂದರೆ ಏಳನೇ ಕ್ಲಾಸ್. ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ, 5ನೇ ಸೆಕ್ಷನ್ ನೋಡಿ. ಇದನ್ನು ತಾಯಿಗೆ ಹೇಳುವ ಮುಂಚೆ ನಿಮ್ಮ ಹೆಡ್ ಮಾಸ್ತರಿಗೆ ತೋರಿಸಿ.

ತಾಯಿಗೆ ಇನ್ನೊಂದು ಮಾತು ಹೇಳಿ. ಹಿಫ್ಜ್ ಮಾಡಿದ ಮಗು ಹಿಂದೆ ಬಿದ್ದ ಮಗು ಅಲ್ಲ. ಕುರ್‌ಆನಿನ ಆರು ಸಾವಿರಕ್ಕೂ ಹೆಚ್ಚು ಆಯತ್ (ವಚನ) ತಲೆಯಲ್ಲಿಟ್ಟುಕೊಂಡವನಿಗೆ ಮಗ್ಗಿ ಯಾವ ಲೆಕ್ಕ? ಬೀದರ್‌ನಲ್ಲೇ ಶಾಹೀನ್ ಸಂಸ್ಥೆಯವರು ಹಾಫಿಜ್ ಹುಡುಗರಿಗೆ ಗಣಿತ, ಇಂಗ್ಲಿಷ್, ವಿಜ್ಞಾನದ ಅಡಿಪಾಯ ಹಾಕಿ ಮಾಮೂಲಿ ಓದಿಗೆ ತರುವ ಕೋರ್ಸ್ ನಡೆಸುತ್ತಾರೆ, ಅಲ್ಲಿಂದ ವೈದ್ಯಕೀಯಕ್ಕೆ ಹೋದವರೂ ಇದ್ದಾರೆ. ಟ್ಯೂಷನ್ ಬೇಕಾದರೆ ಇರಲಿ, ಸಂಜೆ. ಹಗಲು ನಿಮ್ಮ ಕ್ಲಾಸಿನಲ್ಲೇ ಇರಲಿ.

ಪ್ರಶ್ನೆ: ಷಿಕಾಗೋದಲ್ಲಿರುವ ಮೊಮ್ಮಕ್ಕಳಿಗೆ ನಮ್ಮ ಮಾತೇ ಬರುವುದಿಲ್ಲ. ಉರ್ದುವೂ ಇಲ್ಲ, ಕನ್ನಡವೂ ಇಲ್ಲ. ಶಾಲೆ ಬಿಡಿಸಿ ಮನೆಯಲ್ಲಿ ಓದಿಸಿದರೆ ಬರುತ್ತದಾ?
(ದಾದಿ, ಶಹಾಪುರ)

ಉತ್ತರ: ಇಲ್ಲ ದಾದಿ. ಅಲ್ಲಿನ ಮನೆಶಾಲೆಯ ಪುಸ್ತಕವೂ ಇಂಗ್ಲಿಷೇ, ವಿಡಿಯೋ ಪಾಠವೂ ಇಂಗ್ಲಿಷೇ. ಅಪ್ಪ ಅಮ್ಮ ಮನೆಯಲ್ಲಿ ಇಂಗ್ಲಿಷ್ ಮಾತಾಡುವುದನ್ನು ಬಿಟ್ಟರೆ ಬರುತ್ತದೆ, ಅದಕ್ಕೆ ಶಾಲೆ ಬಿಡಿಸಬೇಕಿಲ್ಲ. ಅವರಿಗೆ ಜೂನ್‌ನಲ್ಲಿ ರಜೆ ಶುರುವಾಗುತ್ತದೆ, ಜುಲೈ ಪೂರ್ತಿ ರಜೆ. ಆಗ ಕರೆಸಿಕೊಳ್ಳಿ, ನಮ್ಮ ಶಾಲೆಗಳೂ ಶುರುವಾಗಿರುತ್ತವೆ, ಓಣಿಯ ಮಕ್ಕಳ ಜೊತೆ ಒಂದೆರಡು ದಿನ ಹೋಗಿ ಕೂತು ಬರಲಿ. ಮೇ ತಿಂಗಳಲ್ಲಿ ಮಾತ್ರ ಕರೆಸಬೇಡಿ, ನಮ್ಮ ಬಿಸಿಲಿಗೆ ಮಕ್ಕಳು ಸುಸ್ತಾಗಿ ಎರಡೇ ದಿನಕ್ಕೆ ವಾಪಸ್ ಟಿಕೆಟ್ ಕೇಳುತ್ತವೆ.

ಮುಂದಿನ ಸಲ ಪತ್ರ ಬರೆಯುವವರು ಮಗುವಿನ ವಯಸ್ಸು, ಕ್ಲಾಸ್, ಯಾವ ದೇಶ, ಯಾವ ರಾಜ್ಯ ಅಂತ ಬರೆಯಿರಿ. ತಾಯಿಯ ಅಭಿಪ್ರಾಯ ಏನು ಅಂತಲೂ ಒಂದು ಸಾಲು ಇರಲಿ.